ದೇವರ ಪ್ರೀತಿಯ ಋಣ ತೀರಿಸೋಕೆ ಆಗುತ್ತಾ?

ಮಲ್ಲಿಗೆತೋಟ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಎರಡು ವರ್ಷದಿಂದ ಯಾರ ಹತ್ತಿರವೂ ಹೇಳದೆ ಇಟ್ಟುಕೊಂಡಿದ್ದ ವಿಷಯ ಇದು.

ನಾವು ಕನಕಪುರ ಕಡೆಯ ಕ್ಯಾಥೊಲಿಕರು. ಮದುವೆಯಾದ ಮೇಲೆ ಬೆಂಗಳೂರಿನಲ್ಲಿ ಇದ್ದೇವೆ. ಎರಡು ವರ್ಷದ ಹಿಂದೆ ನನ್ನ ಮಗನಿಗೆ ಡೆಂಗಿ ಜ್ವರ ಬಂತು. ಆಗ ಅವನಿಗೆ ಆರು ವರ್ಷ. ಪ್ಲೇಟ್‌ಲೆಟ್ ತೀರಾ ಇಳಿದುಹೋಗಿ ಒಂಬತ್ತು ದಿನ ಐಸಿಯುನಲ್ಲಿ ಇದ್ದ. ಹೊರಗೆ ಸ್ಟೀಲ್ ಬೆಂಚಿನ ಮೇಲೆ ಜಪಸರ ಹಿಡಿದು ಕೂತಿದ್ದಾಗ ಹರಕೆ ಹೊತ್ತೆ. ಮಗ ಉಳಿದರೆ ಪ್ರತಿ ವರ್ಷ ಆರೋಗ್ಯ ಮಾತೆ ಹಬ್ಬದ ನವೇನಕ್ಕೆ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಗೆ, ಒಂಬತ್ತು ದಿನವೂ ಶಿವಾಜಿನಗರದ ಚರ್ಚಿಗೆ ನಡೆದುಕೊಂಡೇ ಬರುತ್ತೇನೆ ಅಂತ. ಮಗ ಉಳಿದ. ದೇವರಿಗೆ ಎಷ್ಟು ಸ್ತೋತ್ರ ಹೇಳಿದರೂ ಸಾಲದು.

ಎರಡು ವರ್ಷವೂ ಹರಕೆ ತೀರಿಸಿದೆ. ಕಾವಿ ಬಣ್ಣದ ಸೀರೆ ಉಟ್ಟು ನಡೆದೆ, ಮೇಣದಬತ್ತಿ ಹಚ್ಚಿದೆ, ಹಬ್ಬದ ದಿನ, ಸೆಪ್ಟೆಂಬರ್ 8ರಂದು, ಮಗನನ್ನೂ ಕರೆದುಕೊಂಡು ಹೋದೆ. ಆದರೂ ಮುಗಿಯಿತು ಅನ್ನಿಸುತ್ತಿಲ್ಲ. ಮೊದಲನೇ ತಪಸ್ಸುಕಾಲದಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮಾಂಸ ಬಿಟ್ಟೆ. ಮುಂದಿನ ವರ್ಷ ಅದು ಸಾಲದು ಅನ್ನಿಸಿ ಕಾಫಿ ಬಿಟ್ಟೆ, ಆಮೇಲೆ ನೆಲದ ಮೇಲೆ ಮಲಗಲು ಶುರು ಮಾಡಿದೆ. ಬೆಳಿಗ್ಗೆ ಅಲಾರಂ ಕೇಳಿಸದೆ ಜಪ ತಪ್ಪಿಹೋದ ದಿನ ಮಗ ಒಂದು ಸಲ ಕೆಮ್ಮಿದರೂ ಎದೆ ಧಸಕ್ಕೆನ್ನುತ್ತದೆ. ಜಪ ಬಿಟ್ಟಿದ್ದಕ್ಕೇ ಹೀಗಾಯಿತು ಅಂತ. ಹೋದ ತಿಂಗಳು ಒಂದು ಧ್ಯಾನಕೂಟಕ್ಕೆ ಹೋಗಿದ್ದೆ. ಫಾದರ್ ಕೇಳಿದರು, ದೇವರು ನಿಮ್ಮನ್ನು ಇಷ್ಟು ಪ್ರೀತಿಸಿದ್ದಾನೆ, ಅದಕ್ಕೆ ನಿಮ್ಮ ಉತ್ತರ ಏನು? ಅಕ್ಕಪಕ್ಕದವರೆಲ್ಲ ಕಣ್ಣೀರು ಹಾಕುತ್ತಿದ್ದರು. ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾ ಕೂತಿದ್ದೆ, ಇನ್ನೂ ಎಷ್ಟು ಬಾಕಿ ಇದೆ ಅಂತ. ಒಂದು ಹನಿ ಪ್ರೀತಿಯೂ ಒಳಗೆ ಹುಟ್ಟಲಿಲ್ಲ. ಬರೀ ಭಯ.

ಇನ್ನೊಂದು ವಿಷಯವೂ ಇದೆ. ಪಕ್ಕದ ಹಾಸಿಗೆಯಲ್ಲಿ ಮಾಗಡಿ ಕಡೆಯ ಒಂದು ಹೆಣ್ಣುಮಗು ಇತ್ತು. ಅದಕ್ಕೂ ಡೆಂಗಿ. ಅದರ ತಾಯಿ ನಮ್ಮ ಧರ್ಮದವರಲ್ಲ. ಹಳದಿ ಬಟ್ಟೆಯಲ್ಲಿ ಕಾಸು ಇಟ್ಟು ಮುಡಿಪು ಕಟ್ಟಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದರು. ನಾನು ಜಪಸರ ಹಿಡಿದಿದ್ದೆ, ಅವರು ಆ ಗಂಟು ಹಿಡಿದಿದ್ದರು. ಒಂದೇ ಪೊಟ್ಟಣದ ಇಡ್ಲಿ ಹಂಚಿಕೊಂಡು ತಿಂದಿದ್ದೇವೆ. ಏಳನೇ ದಿನ ಬೆಳಗಿನ ಜಾವ ಆ ಮಗು ಹೋಯಿತು. ಹೊರಡುವಾಗ ಅವರು ನನ್ನ ಕೈ ಹಿಡಿದು, ನಿಮ್ಮ ಮಗ ಹುಷಾರಾಗಲಿ ಅಕ್ಕ, ಅಂದರು. ದೇವರು ನನ್ನ ಮಗನನ್ನು ಉಳಿಸಿಕೊಟ್ಟಿದ್ದು ಪ್ರೀತಿಯಿಂದ ಅಂತ ನಾನು ಸಾಕ್ಷಿ ಹೇಳಿದಾಗಲೆಲ್ಲ ಅವರ ಮುಖ ನೆನಪಾಗಿ ಮಾತು ನಿಂತುಹೋಗುತ್ತದೆ. ಹಾಗಾದರೆ ಅವರನ್ನು ಪ್ರೀತಿಸಲಿಲ್ಲವಾ?

ಈ ಪ್ರೀತಿ ಅಂದರೆ ಏನು, ಅದಕ್ಕೆ ನಾನು ಏನು ಕೊಟ್ಟರೆ ಸರಿಯಾಗುತ್ತದೆ, ತಿಳಿದವರು ಹೇಳಿ.


ಹಂಚಿನಮನೆ:

ತಂಗಿ, ನಾನು ಮಂಗಳೂರಿನವನು, ಸಿಎಸ್ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್) ಸಭೆ. ವಯಸ್ಸು ಎಪ್ಪತ್ತು ದಾಟಿದೆ. ನಿಮ್ಮ ಎರಡನೇ ಪ್ರಶ್ನೆಗೆ, ಆ ಮಾಗಡಿಯ ತಾಯಿಯ ವಿಷಯಕ್ಕೆ, ನನ್ನ ಹತ್ತಿರ ಉತ್ತರ ಇಲ್ಲ. ಮೊದಲನೆಯದಕ್ಕೆ, ಋಣದ ಪ್ರಶ್ನೆಗೆ ಮಾತ್ರ ಹೇಳುತ್ತೇನೆ.

ನಿಮ್ಮ ಶೀರ್ಷಿಕೆಯಲ್ಲಿರುವ ಋಣ ಅನ್ನುವ ಮಾತಿನಲ್ಲೇ ಗಂಟು ಇದೆ. ನಮಗೆ ಅದು ರಕ್ತದಲ್ಲೇ ಬಂದದ್ದು. ಅನ್ನದ ಋಣ, ನೀರಿನ ಋಣ, ತಾಯಿಯ ಋಣ. ಒಳ್ಳೆಯ ಮಾತೇ, ಉಪಕಾರ ಮರೆಯಬಾರದು ಅಂತ ಕಲಿಸುತ್ತದೆ. ಆದರೆ ಋಣ ಅಂದ ತಕ್ಷಣ ತೀರಿಸಬೇಕು ಅಂತ ಬರುತ್ತದೆ, ತೀರಿಸಬೇಕು ಅಂದರೆ ಕೊಟ್ಟವನು ಸಾಲ ವಸೂಲಿಗೆ ಬಂದವನ ಹಾಗೆ ಬಾಗಿಲಲ್ಲಿ ನಿಂತಿದ್ದಾನೆ ಅಂತ ಆಗುತ್ತದೆ. ನೀವು ಎರಡು ವರ್ಷದಿಂದ ಹೆದರುತ್ತಿರುವುದು ಆ ಬಾಗಿಲಲ್ಲಿ ನಿಂತವನಿಗೆ. ಅವನು ಯೇಸು ತೋರಿಸಿಕೊಟ್ಟ ತಂದೆ ಅಲ್ಲವೇ ಅಲ್ಲ.

ಬೈಬಲಿನಲ್ಲಿ ಲೂಕ 15 ತೆಗೆದು ನಿಧಾನವಾಗಿ ಓದಿ. ತಪ್ಪಿಹೋದ ಮಗನ ಕಥೆ ನಮಗೆಲ್ಲ ಬಾಯಿಪಾಠ, ಅದಕ್ಕೇ ಒಂದು ಸಣ್ಣ ವಿಷಯ ಕಣ್ಣಿಗೆ ಬೀಳುವುದಿಲ್ಲ. ಅಪ್ಪನ ಆಸ್ತಿಯ ಪಾಲು ತಗೊಂಡು ಹೋಗಿ ಹಾಳುಮಾಡಿಕೊಂಡು, ಹಂದಿ ಮೇಯಿಸುವ ಕಡೆ ಕೂತು ಆ ಹುಡುಗ ಒಂದು ಮಾತು ತಯಾರಿ ಮಾಡಿಕೊಳ್ಳುತ್ತಾನೆ. ಅಪ್ಪಾ, ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳೋ ಯೋಗ್ಯತೆ ನನಗಿಲ್ಲ, ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೋ. ಮೂರು ಮಾತು. ಊರ ಹತ್ತಿರ ಬಂದಾಗ ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗ ಪಾಠ ಒಪ್ಪಿಸಲು ಶುರು ಮಾಡುತ್ತಾನೆ. ಮೊದಲನೆಯದು ಹೇಳುತ್ತಾನೆ, ಎರಡನೆಯದು ಹೇಳುತ್ತಾನೆ. ಮೂರನೆಯದು, ಆ ಕೂಲಿಯಾಳಿನ ಮಾತು, ಬಾಯಿಗೆ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ, ಒಳ್ಳೆಯ ಅಂಗಿ ತನ್ನಿ, ಉಂಗುರ ತನ್ನಿ, ಕಾಲಿಗೆ ಜೋಡು ತನ್ನಿ ಅನ್ನುತ್ತಿದ್ದಾನೆ.

ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1865ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚು ಮಾಡಲು ಶುರು ಮಾಡಿದ ಮೇಲೆ ನಮ್ಮ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟದ್ದು ಆ ಕೆಲಸ. ಅಲ್ಲಿ ಲೆಕ್ಕದ ಪುಸ್ತಕ ಇರುತ್ತಿತ್ತು. ಎಷ್ಟು ಕೆಲಸವೋ ಅಷ್ಟು ಕೂಲಿ. ಅದು ನ್ಯಾಯವೇ. ಆದರೆ ಸಂಜೆ ಅಜ್ಜ ಮನೆಗೆ ಬಂದರೆ ಮೈಯೆಲ್ಲ ಕೆಂಪು ಜೇಡಿಯ ಧೂಳು, ಅಜ್ಜಿ ಬಿಸಿನೀರು ಕಾಯಿಸಿ ಇಟ್ಟಿರುತ್ತಿದ್ದರು, ಹಾಗೇ ಧೂಳಿನ ಮೈಗೇ ನಾವು ಮೊಮ್ಮಕ್ಕಳು ಹೋಗಿ ಬೀಳುತ್ತಿದ್ದೆವು. ಯಾರೂ ಯಾರಿಗೂ ಲೆಕ್ಕ ಬರೆಯಲಿಲ್ಲ. ದೇವರ ಮುಂದೆ ನೀವು ಕಾರ್ಖಾನೆಯಲ್ಲಿದ್ದೀರಾ, ಮನೆಯಲ್ಲಿದ್ದೀರಾ ಅನ್ನುವುದೇ ಪ್ರಶ್ನೆ.

ಅದೇ ಕಥೆಯ ದೊಡ್ಡ ಮಗನನ್ನೂ ನೋಡಿ. ಮನೆ ಬಿಟ್ಟು ಎಲ್ಲೂ ಹೋಗದವನು, ಅಪ್ಪನ ಮಾತು ಮೀರದವನು. ಅವನ ಬಾಯಲ್ಲಿ ಬರುವ ಮಾತು, ಇಷ್ಟು ವರ್ಷ ನಿನಗೆ ದುಡಿದಿದ್ದೇನೆ, ಒಂದು ಆಡಿನ ಮರಿಯನ್ನೂ ನೀನು ನನಗೆ ಕೊಡಲಿಲ್ಲ. ಅವನೂ ಲೆಕ್ಕ ಇಟ್ಟವನೇ. ಮನೆಯೊಳಗೇ ಕೂಲಿಯಾಳಾಗಿ ಇದ್ದ. ತಂಗಿ, ನಾವು ಭಕ್ತಿಯಲ್ಲಿ ಬೆಳೆದವರು ಜಾಸ್ತಿ ಬೀಳುವುದು ಈ ಹಳ್ಳಕ್ಕೆ.

ಯೋಹಾನ 3:16 ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಹೇಗಿದೆ ಅಂತ ನೆನಪಿದೆಯಾ? ದೇವರು ಲೋಕದ ಮೇಲೆ ಎಷ್ಟೋ ಪ್ರೀತಿಯನ್ನಿಟ್ಟು. ಪ್ರೀತಿ ಇಡುವುದು. ಎಂಥ ಒಳ್ಳೆಯ ಮಾತು ನಮ್ಮ ಭಾಷೆಯದು. ಲೋಕದಲ್ಲಿ ಪ್ರೀತಿಸುವಂಥದ್ದು ಏನೋ ಕಂಡಿತು ಅಂತಲ್ಲ. ಅವನಾಗಿ ತಂದು ಇಟ್ಟ. 1518ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ, ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ವಾದಕ್ಕೆ ಇಟ್ಟ ಮಾತುಗಳಲ್ಲಿ ಕೊನೆಗೆ ಇದೇ ಅರ್ಥದ ಒಂದು ಮಾತು ಇದೆ. ಮನುಷ್ಯರ ಪ್ರೀತಿ ಇಷ್ಟವಾದದ್ದನ್ನು ಹುಡುಕಿಕೊಂಡು ಹೋಗುತ್ತದೆ, ದೇವರ ಪ್ರೀತಿ ತನಗೆ ಇಷ್ಟವಾಗುವುದನ್ನು ತಾನೇ ಉಂಟುಮಾಡುತ್ತದೆ ಅಂತ. ನಿಮ್ಮ ನವೇನಕ್ಕಿಂತ ಮೊದಲೇ, ಹರಕೆಗಿಂತ ಮೊದಲೇ, ನೀವು ಹುಟ್ಟುವ ಮೊದಲೇ ಇಟ್ಟದ್ದು ಅದು. ಇಟ್ಟದ್ದನ್ನು ಸಾಲ ಅಂತ ಯಾಕೆ ಬರೆದುಕೊಳ್ಳುತ್ತೀರಿ?


ರಾತ್ರಿಪಾಳಿ:

ಅಕ್ಕ, ನಾನು ನರ್ಸ್. ಹುಬ್ಬಳ್ಳಿ ಕಡೆಯವಳು, ಮಕ್ಕಳ ಐಸಿಯುನಲ್ಲಿ ಕೆಲಸ ಮಾಡಿ ಹತ್ತು ವರ್ಷ ಆಯಿತು. ಮೇಲಿನ ಹಿರಿಯರು ಬಿಟ್ಟ ಎರಡನೇ ಪ್ರಶ್ನೆಗೆ ಬರೆಯುತ್ತಿದ್ದೇನೆ. ನನ್ನ ಹತ್ತಿರವೂ ಉತ್ತರ ಇಲ್ಲ, ಆದರೆ ಆ ಪ್ರಶ್ನೆಯ ಜೊತೆ ಪ್ರತಿ ರಾತ್ರಿ ಇರುವವಳು ನಾನು.

ಮೊದಲು ಒಂದು ಮಾತು. ನಿಮ್ಮ ಪ್ರಾರ್ಥನೆ ಗಟ್ಟಿ ಇತ್ತು, ಅವರದು ಕಡಿಮೆ ಆಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಂಚಿನ ಮೇಲೆ ಕೂತ ತಾಯಂದಿರ ಪ್ರಾರ್ಥನೆಯಲ್ಲಿ ಮೇಲುಕೀಳು ಇಲ್ಲ. ನಾನು ನೋಡಿದ್ದೇನೆ. ಒಬ್ಬ ತಾಯಿ ಮಗುವಿನ ಚಪ್ಪಲಿಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹದಿಮೂರು ದಿನ ಮಡಿಲಲ್ಲೇ ಇಟ್ಟುಕೊಂಡಿದ್ದರು. ಯಾಕಮ್ಮ ಅಂದರೆ, ಹುಷಾರಾಗಿ ಹೊರಗೆ ಬಂದಾಗ ಹಾಕ್ಕೊಂಡು ಹೋಗಬೇಕಲ್ಲ ಅಂದರು. ಇದಕ್ಕಿಂತ ದೊಡ್ಡ ನಂಬಿಕೆ ನಾನು ಯಾವ ಸಭೆಯಲ್ಲೂ ಕಂಡಿಲ್ಲ. ಆ ಮಗು ಉಳಿಯಲಿಲ್ಲ.

ಆ ರಾತ್ರಿ ಮನೆಗೆ ಹೋಗಿ ಸಿಟ್ಟಿನಲ್ಲೇ ಬೈಬಲ್ ತೆಗೆದೆ. ಯೋಹಾನ 11. ಲಾಜರನ ಅಕ್ಕಂದಿರಾದ ಮಾರ್ಥ, ಮರಿಯ ಯೇಸುವಿಗೆ ಹೇಳಿಕಳಿಸುತ್ತಾರೆ, ನೀನು ಪ್ರೀತಿಸುವವನಿಗೆ ಹುಷಾರಿಲ್ಲ ಅಂತ. ಆ ಒಂದು ವಾಕ್ಯದಲ್ಲೇ ಎಲ್ಲಾ ಇದೆ ನೋಡಿ. ಪ್ರೀತಿಸುವವನು, ಆದರೂ ಹುಷಾರಿಲ್ಲ. ಎರಡೂ ಒಟ್ಟಿಗೆ ಇವೆ. ಮುಂದಿನದು ಇನ್ನೂ ಕಷ್ಟ. ಯೇಸುವಿಗೆ ಮಾರ್ಥಳ ಮೇಲೂ ಅವಳ ತಂಗಿಯ ಮೇಲೂ ಲಾಜರನ ಮೇಲೂ ಪ್ರೀತಿ ಇತ್ತು ಅಂತ ಬರೆದು, ಸುದ್ದಿ ಕೇಳಿದ ಮೇಲೆ ಇದ್ದಲ್ಲೇ ಎರಡು ದಿನ ನಿಂತ ಅಂತ ಬರೆದಿದ್ದಾರೆ. ಬರುವಷ್ಟರಲ್ಲಿ ಲಾಜರನನ್ನು ಹೂತು ನಾಲ್ಕು ದಿನ. ಮಾರ್ಥ ನೇರವಾಗಿ ಕೇಳುತ್ತಾಳೆ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಮರಿಯಳೂ ಅದೇ ಮಾತು ಹೇಳುತ್ತಾಳೆ. ಯೇಸು ಅವರಿಗೆ ಬಯ್ಯುವುದಿಲ್ಲ. ಮರಿಯ ಅಳುವುದನ್ನು ನೋಡಿ ತಾನೂ ಅತ್ತುಬಿಡುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ. ನನಗೆ ಅದು ತುಂಬಾ ದೊಡ್ಡದು. ಕೊನೆಯಲ್ಲಿ ಎಲ್ಲಾ ಸರಿಹೋಗುತ್ತದೆ ಅಂತ ಹೇಳಿ ನಮ್ಮ ಅಳುವನ್ನು ನಿಲ್ಲಿಸುವ ದೇವರು ಅಲ್ಲ ಅವನು.

ಆಮೇಲೆ ಗೆತ್ಸೆಮನೆ ತೋಟ, ಯೇಸು ಸಾಯುವ ಹಿಂದಿನ ರಾತ್ರಿ. ಈ ಪಾತ್ರೆ, ಅಂದರೆ ಈ ನೋವು, ನನ್ನಿಂದ ತೊಲಗಲಿ ಅಂತ ದೇವರ ಮಗನೇ ಬೇಡಿಕೊಂಡ. ತೊಲಗಲಿಲ್ಲ. ತಂದೆಗೆ ಮಗನ ಮೇಲೆ ಪ್ರೀತಿ ಕಡಿಮೆಯಾಗಿತ್ತು ಅಂತ ನಾವು ಯಾರೂ ಹೇಳುವುದಿಲ್ಲ, ಅಲ್ವಾ? ಹಾಗಿದ್ದರೆ ಮಗು ಉಳಿದದ್ದು ಪ್ರೀತಿಯ ಗುರುತು, ಹೋದದ್ದು ಪ್ರೀತಿ ಇಲ್ಲದ್ದರ ಗುರುತು ಅಂತ ಹೇಗೆ ಹೇಳುತ್ತೀರಿ? ನಿಮ್ಮ ಮಗ ಉಳಿದದ್ದಕ್ಕೆ ಬಾಯ್ತುಂಬ ಸ್ತೋತ್ರ ಹೇಳಿ. ಆದರೆ ದೇವರ ಪ್ರೀತಿಗೆ ಅದೊಂದೇ ಸಾಕ್ಷಿ ಅಂತ ಇಟ್ಟುಕೊಳ್ಳಬೇಡಿ. ಇಟ್ಟುಕೊಂಡರೆ ಅವನು ಕೆಮ್ಮಿದಾಗಲೆಲ್ಲ ಆ ಪ್ರೀತಿಯೂ ಅಲ್ಲಾಡುತ್ತದೆ. ಈಗ ನಿಮಗೆ ಆಗುತ್ತಿರುವುದು ಅದೇ ಅಂತ ನನಗೆ ಕಾಣುತ್ತದೆ.

ಒಂದು ಕೇಳಲಾ ಅಕ್ಕ? ಆ ಮಾಗಡಿಯ ತಾಯಿ ಈಗ ಎಲ್ಲಿದ್ದಾರೆ? ಆಮೇಲೆ ಮಾತಾಡಿದ್ದೀರಾ? ನಮ್ಮ ವಾರ್ಡಿನಿಂದ ಬರಿಗೈಲಿ ಹೋದ ತಾಯಂದಿರಲ್ಲಿ ಕೆಲವರು ವರ್ಷ ಕಳೆದ ಮೇಲೂ ನನಗೆ ಫೋನ್ ಮಾಡುತ್ತಾರೆ. ಏನೂ ಕೇಳುವುದಿಲ್ಲ. ಆ ಮಗುವನ್ನು ನೋಡಿದ್ದ ಇನ್ನೊಬ್ಬರ ಹತ್ತಿರ ಅದರ ಹೆಸರು ಹೇಳಬೇಕು, ಅಷ್ಟೇ.


ಬಳ್ಳಾರಿಬಿಸಿಲು:

ಮೇಲೆ ಬರೆದವರ ಮೇಲೆ ಗೌರವ ಇದೆ, ಆದರೆ ನನ್ನದೊಂದು ತಕರಾರು. ಋಣ ಇಲ್ಲ, ಲೆಕ್ಕ ಇಲ್ಲ, ಸುಮ್ನೆ ತಗೊಳ್ಳಿ ಅಂತ ಹೇಳುತ್ತಾ ಹೋದರೆ ಕೊನೆಗೆ ಉಳಿಯುವುದು ಏನು? ಭಾನುವಾರ ಪ್ರೀತಿಯ ಹಾಡು ಹಾಡಿ ಸೋಮವಾರ ಅಂಗಡಿಯಲ್ಲಿ ತಕ್ಕಡಿಗೆ ಬೆರಳು ಒತ್ತುವವರನ್ನು ನಾನು ಕಂಡಿದ್ದೇನೆ. ನಮ್ಮ ಸಭೆಯಲ್ಲೇ. ದೇವರು ಪ್ರೀತಿ, ಎಲ್ಲಾ ಕ್ಷಮಿಸುತ್ತಾನೆ ಅಂತ ಅವರ ಬಾಯಲ್ಲೂ ಬರುತ್ತದೆ. ನೀವು ನನ್ನನ್ನು ಪ್ರೀತಿಸುವವರಾದರೆ ನನ್ನ ಆಜ್ಞೆಗಳನ್ನು ಕೈಕೊಂಡು ನಡೆಯಿರಿ ಅಂತ ಯೇಸುವೇ ಹೇಳಿದ್ದಾನೆ, ಯೋಹಾನ 14:15. ಅದನ್ನು ಬಿಡೋಕಾಗುತ್ತಾ?

ಜರ್ಮನಿಯ ಪಾಸ್ಟರ್ ಡೀಟ್ರಿಚ್ ಬಾನ್‌ಹಾಫರ್ ಇದನ್ನೇ ಅಗ್ಗದ ಕೃಪೆ ಅಂದರು. 1939ರಲ್ಲಿ ಅವರು ಅಮೆರಿಕಕ್ಕೆ ಹೋಗಿದ್ದರು, ಅಲ್ಲೇ ಇದ್ದುಬಿಡಬಹುದಿತ್ತು, ಜೀವ ಉಳಿಯುತ್ತಿತ್ತು. ಕೆಲವೇ ವಾರದಲ್ಲಿ ಹಡಗು ಹತ್ತಿ ವಾಪಸ್ ಬಂದರು. ಹಿಟ್ಲರ್ ವಿರುದ್ಧ ನಿಂತು ಜೈಲು ಸೇರಿದರು, 1945 ಏಪ್ರಿಲ್ 9ರಂದು ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ಗಲ್ಲಿಗೆ ಹಾಕಿದರು. ಅವರೂ ದೇವರ ಪ್ರೀತಿ ಉಚಿತ ಅಂತಲೇ ನಂಬಿದ್ದವರು. ಆದರೆ ಉಚಿತವಾದದ್ದು ಅಗ್ಗ ಅಲ್ಲ ಅಂತ ಬದುಕಿ ತೋರಿಸಿದರು.

ಮಲ್ಲಿಗೆತೋಟ ಅಕ್ಕ, ನಿಮಗೆ ಬಯ್ಯುತ್ತಿಲ್ಲ. ನೀವು ನೆಲದ ಮೇಲೆ ಮಲಗಿದ್ದು ನನಗೆ ತಪ್ಪು ಅಂತ ಕಾಣಲಿಲ್ಲ, ಅಷ್ಟನ್ನು ಹೇಳಬೇಕು ಅನ್ನಿಸಿತು. ಪ್ರೀತಿ ಇದ್ದ ಕಡೆ ಮೈ ನೋಯಬೇಕು. ನೋಯದ ಪ್ರೀತಿ ಯಾವುದು ಹೇಳಿ?


ಸಂಜೆಗಂಟೆ:

ಬಳ್ಳಾರಿಬಿಸಿಲು ಅವರ ಮಾತು ಒಪ್ಪುತ್ತೇನೆ, ಮುಕ್ಕಾಲು ಪಾಲು. ನೋಯುತ್ತದೆ, ನಿಜ. ಆದರೆ ನೋವು ಎಲ್ಲಿಂದ ಬಂತು ಅನ್ನುವುದು ಮುಖ್ಯ. ಮಗು ಜ್ವರದಲ್ಲಿದ್ದಾಗ ತಾಯಿ ನೆಲದ ಮೇಲೆ ಮಲಗುತ್ತಾಳೆ, ಹಾಸಿಗೆ ನೆನಪೇ ಆಗುವುದಿಲ್ಲ. ಅದು ಪ್ರೀತಿಯ ನೋವು. ಮಗು ಹುಷಾರಾದ ಮೇಲೆ, ಮತ್ತೆ ಜ್ವರ ಬಂದೀತು ಅಂತ ದೇವರಿಗೆ ಹೆದರಿ ನೆಲದ ಮೇಲೆ ಮಲಗಿದರೆ? ಅದನ್ನು ಜಾಮೀನು ಅನ್ನಬೇಕು. ಒಂದನೇ ಯೋಹಾನ 4:18ರಲ್ಲಿ ಪ್ರೀತಿ ಇರುವಲ್ಲಿ ಹೆದರಿಕೆ ಇಲ್ಲ ಅಂತ ಬರೆದಿದೆ. ಅದರ ಮುಂದಿನ ವಚನವೇ ದೇವರು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ ಅನ್ನುವುದು. ಎರಡೂ ಪಕ್ಕಪಕ್ಕದಲ್ಲೇ ಇವೆ.

ನಾನು ಕ್ಯಾಥೊಲಿಕ್, ಧರ್ಮೋಪದೇಶ ತರಗತಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಪ್ರೀತಿಗೆ ಉತ್ತರ ಕೊಡುವುದು ಅಂದರೆ ಏನು ಅಂತ ಮಕ್ಕಳು ಕೇಳಿದಾಗ ನಾನು ಹೇಳುತ್ತಿದ್ದದ್ದು ಒಂದೇ ಕಥೆ. ಯೋಹಾನ 21, ಸಮುದ್ರದ ದಡದ ಬೆಳಗಿನ ಊಟ.

ಅದಕ್ಕೂ ಮೊದಲು, ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಮಹಾಯಾಜಕನ ಮನೆಯ ಅಂಗಳಕ್ಕೆ ಹೋಗಬೇಕು. ಚಳಿ ಇತ್ತು, ಆಳುಗಳು ಇದ್ದಲಿನ ಬೆಂಕಿ ಹಾಕಿಕೊಂಡು ಕಾಯಿಸಿಕೊಳ್ಳುತ್ತಿದ್ದರು, ಯೇಸುವಿನ ಶಿಷ್ಯ ಪೇತ್ರನೂ ಅಲ್ಲೇ ನಿಂತಿದ್ದ. ಆ ರಾತ್ರಿ ಅಲ್ಲಿ ಮೂರು ಸಲ, ಯೇಸು ಯಾರೋ ನನಗೆ ಗೊತ್ತಿಲ್ಲ ಅಂತ ಹೇಳಿದ. ಈಗ, ಯೇಸು ಸತ್ತು ಎದ್ದುಬಂದ ಮೇಲೆ, ಆ ದಡಕ್ಕೆ ಬನ್ನಿ. ಏಳು ಜನ ಶಿಷ್ಯರು ರಾತ್ರಿಯೆಲ್ಲ ಬಲೆ ಹಾಕಿ ಏನೂ ಸಿಕ್ಕದೆ ಬರುತ್ತಿದ್ದಾರೆ. ದಡದಲ್ಲಿ ಯೇಸು ಇದ್ದಲಿನ ಬೆಂಕಿ ಹಾಕಿ, ಅದರ ಮೇಲೆ ಮೀನು ಇಟ್ಟು, ಪಕ್ಕದಲ್ಲಿ ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದಾನೆ. ಇದ್ದಲಿನ ಬೆಂಕಿಗೆ ಗ್ರೀಕಿನಲ್ಲಿ ಇರುವ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ, ಆ ಅಂಗಳದಲ್ಲಿ ಒಂದು, ಈ ದಡದಲ್ಲಿ ಒಂದು. ಆ ವಾಸನೆ ಮೂಗಿಗೆ ಬಡಿದಾಗ ಪೇತ್ರನಿಗೆ ಹೇಗಾಗಿರಬೇಕು ಯೋಚನೆ ಮಾಡಿ. ಇದ್ದಲಿನ ಹೊಗೆಯ ವಾಸನೆ ಮೈಗೆ, ಬಟ್ಟೆಗೆ ಹತ್ತಿಕೊಂಡರೆ ಬೇಗ ಬಿಡುವುದಿಲ್ಲ.

ಅಲ್ಲಿ ಯೇಸು ಮೊದಲು ಪ್ರಶ್ನೆ ಕೇಳಲಿಲ್ಲ. ಬನ್ನಿ, ಊಟ ಮಾಡಿ ಅಂದ. ತಾನೇ ರೊಟ್ಟಿ ಎತ್ತಿ ಕೊಟ್ಟ, ಮೀನು ಕೊಟ್ಟ. ಹೊಟ್ಟೆ ತುಂಬಿದ ಮೇಲೆ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ? ಮೂರು ಸಲ ಕೇಳಿದ. ಯಾಕೆ ನನ್ನನ್ನು ಗೊತ್ತಿಲ್ಲ ಅಂದೆ ಅಂತ ಒಂದು ಸಲವೂ ಕೇಳಲಿಲ್ಲ. ಇನ್ನು ಮೇಲೆ ಹಾಗೆ ಮಾಡಲ್ಲ ಅಂತ ಆಣೆ ಹಾಕಿಸಲಿಲ್ಲ. ಪೇತ್ರ ಪ್ರತಿ ಸಲವೂ, ಹೌದು ಸ್ವಾಮಿ, ನಿನಗೇ ಗೊತ್ತಲ್ಲ ಅಂದ. ಹಾಗಾದರೆ ನನಗೆ ಇಷ್ಟು ಕೊಡು ಅಂತ ಯೇಸು ಹೇಳಿದನಾ? ಇಲ್ಲ. ನನ್ನ ಕುರಿಗಳನ್ನು ಮೇಯಿಸು ಅಂದ. ಮೂರು ಸಲವೂ ಅದೇ. ತನಗೆ ಬರಬೇಕಾದ ಪ್ರೀತಿಯನ್ನು ಪಕ್ಕದವರ ಕಡೆ ತಿರುಗಿಸಿಬಿಟ್ಟ. ದೇವರಿಗೆ ವಾಪಸ್ ಕೊಡಲು ಹೋದರೆ ಅವನು ಬೇರೆಯವರ ವಿಳಾಸ ಕೊಡುತ್ತಾನೆ, ನಾನು ಮೂವತ್ತು ವರ್ಷ ಪಾಠ ಮಾಡಿ ಕಂಡುಕೊಂಡದ್ದು ಇದು. ಬಳ್ಳಾರಿಬಿಸಿಲು ಅವರು ಹೇಳಿದ ನೋವೂ ಅಲ್ಲೇ ಇದೆ. ವಯಸ್ಸಾದ ಮೇಲೆ ಬೇರೆಯವರು ನಿನ್ನ ಸೊಂಟ ಕಟ್ಟಿ ನಿನಗೆ ಇಷ್ಟವಿಲ್ಲದ ಕಡೆ ಕರೆದುಕೊಂಡು ಹೋಗುತ್ತಾರೆ ಅಂತ ಪೇತ್ರನಿಗೆ ಮುಂದಿನ ಮಾತಿನಲ್ಲೇ ಹೇಳುತ್ತಾನೆ. ಆದರೆ ಮೊದಲು ಊಟ.

ಪ್ರೀತಿ ಹುಟ್ಟಲಿಲ್ಲ, ಬರೀ ಭಯ ಅಂದಿರಲ್ಲ ಅಮ್ಮ. ಅದಕ್ಕೂ ಒಂದು ಮಾತು. ಫ್ರಾನ್ಸಿನ ಲಿಸ್ಯೂನ ಸಂತ ತೆರೇಸಾ 15ನೇ ವಯಸ್ಸಿಗೆ ಕಾರ್ಮೆಲ್ ಮಠ ಸೇರಿ, ಕ್ಷಯ ಬಂದು 24ಕ್ಕೇ, 1897ರಲ್ಲಿ ತೀರಿಕೊಂಡವರು. ಪ್ರಾರ್ಥನೆಗೆ ಕೂತರೆ ಅವರಿಗೆ ನಿದ್ದೆ ಬಂದುಬಿಡುತ್ತಿತ್ತು. ವರ್ಷಗಟ್ಟಲೆ. ಅವರು ಅದಕ್ಕೆ ಗಾಬರಿಯಾಗಲಿಲ್ಲ. ಮಕ್ಕಳು ಎದ್ದಿದ್ದರೂ ಮಲಗಿದ್ದರೂ ಅಪ್ಪ ಅಮ್ಮನಿಗೆ ಒಂದೇ ಪ್ರೀತಿ ಅಲ್ವಾ ಅಂತ ಸಮಾಧಾನ ಮಾಡಿಕೊಂಡರು. ಕೊನೆಯ ಒಂದೂವರೆ ವರ್ಷ ಅವರಿಗೆ ಒಳಗೆ ಬರೀ ಕತ್ತಲೆ, ಸ್ವರ್ಗ ಇದೆ ಅನ್ನುವ ಭಾವನೆಯೇ ಹೋಗಿಬಿಟ್ಟಿತ್ತು. ಆದರೂ ಕಿರಿಕಿರಿ ಮಾಡುವ ಒಬ್ಬ ಸಿಸ್ಟರ್‌ಗೆ ನಗುನಗುತ್ತಾ ಮಾತಾಡಿಸುವುದನ್ನು ಬಿಡಲಿಲ್ಲ. 1997ರಲ್ಲಿ ಅವರನ್ನು ಇಡೀ ಧರ್ಮಸಭೆಯ ಗುರು ಅಂತ ಪೋಪ್ ಸಾರಿದರು. ನೀವು ಅಲಾರಂ ಕೇಳಿಸದೆ ಮಲಗಿಬಿಟ್ಟ ಆ ಬೆಳಿಗ್ಗೆ, ನಿಮ್ಮ ಮಗ ಮಲಗಿದ್ದಾಗ ನೀವು ಹೇಗೆ ನೋಡುತ್ತೀರೋ ಹಾಗೇ ದೇವರು ನಿಮ್ಮನ್ನು ನೋಡುತ್ತಿದ್ದ. ಇದನ್ನು ನಾನು ಪೂರ್ತಿ ನಂಬುತ್ತೇನೆ.

ಹರಕೆ ಬಗ್ಗೆ. ಹೊತ್ತದ್ದನ್ನು ಬಿಡಿ ಅಂತ ನಾನು ಹೇಳಲ್ಲ. ನಡೆಯಿರಿ. ನಿಮ್ಮ ಪಾಪನಿವೇದನೆ ಕೇಳುವ ಗುರುಗಳ ಹತ್ತಿರ ಒಂದು ಸಲ ಕೂತು ಮಾತಾಡಿ, ಭಾರ ಅನ್ನಿಸಿದರೆ ಅದನ್ನು ಬದಲಾಯಿಸಿ ಕೊಡುವ ಅಧಿಕಾರ ಧರ್ಮಸಭೆಗೆ ಇದೆ. ಆದರೆ ಮುಂದಿನ ಸಲ ನಡೆಯುವಾಗ ದಾರಿಯಲ್ಲಿ ಲೆಕ್ಕ ಹಾಕಬೇಡಿ. ಮಗನ ಕೈ ಹಿಡಿದುಕೊಂಡು ಅವನು ಏನು ಮಾತಾಡುತ್ತಾನೋ ಕೇಳುತ್ತಾ ಹೋಗಿ.


ಹಂಚಿನಮನೆ:

ಬಳ್ಳಾರಿಬಿಸಿಲು ಅವರೇ, ನಿಮ್ಮ ತಕರಾರು ಸರಿಯಾಗಿದೆ, ನಾನು ಅರ್ಧಕ್ಕೆ ನಿಲ್ಲಿಸಿಬಿಟ್ಟಿದ್ದೆ. ತಕ್ಕಡಿಗೆ ಬೆರಳು ಒತ್ತುವವನು ಪ್ರೀತಿಯನ್ನು ತಗೊಂಡೇ ಇಲ್ಲ ಅಂತ ನನ್ನ ಅಭಿಪ್ರಾಯ. ಅವನು ತಗೊಂಡದ್ದು ಬರೀ ರಿಯಾಯಿತಿ.

ಲೂಕ 7ರಲ್ಲಿ ಯೇಸುವನ್ನು ಊಟಕ್ಕೆ ಕರೆದಿದ್ದ ಸೀಮೋನನ ಮನೆಗೆ ಬಂದ, ಊರವರು ಪಾಪಿ ಅನ್ನುತ್ತಿದ್ದ ಹೆಂಗಸನ್ನು ನೋಡಿ. ಯೇಸುವಿನ ಕಾಲಿನ ಹತ್ತಿರ ನಿಂತು ಅಳುತ್ತಾಳೆ, ಕೂದಲಲ್ಲಿ ಒರೆಸುತ್ತಾಳೆ, ಸುಗಂಧತೈಲ ಹಚ್ಚುತ್ತಾಳೆ. ಮನೆಯವನು ಮುಖ ಸಿಂಡರಿಸಿಕೊಂಡಾಗ ಯೇಸು ಹೇಳುವುದು ಇಬ್ಬರು ಸಾಲಗಾರರ ಕಥೆ. ಒಬ್ಬನಿಗೆ 500 ದಿನಾರಿ, ಇನ್ನೊಬ್ಬನಿಗೆ 50. ಒಂದು ದಿನಾರಿ ಅಂದರೆ ಆಳಿನ ಒಂದು ದಿನದ ಕೂಲಿ. ಇಬ್ಬರಿಗೂ ತೀರಿಸಲು ಗತಿ ಇರಲಿಲ್ಲ, ಸಾಲ ಕೊಟ್ಟವನು ಇಬ್ಬರಿಗೂ ಬಿಟ್ಟುಬಿಟ್ಟ. ಯಾರಿಗೆ ಜಾಸ್ತಿ ಪ್ರೀತಿ ಬರುತ್ತದೆ ಅಂತ ಯೇಸು ಕೇಳುತ್ತಾನೆ. ಆ ಹೆಂಗಸು ಸುರಿದದ್ದು ಕಂತು ಅಲ್ಲ. ಸಾಲ ಹೋಯಿತು ಅಂತ ಗೊತ್ತಾದವಳ ಸಂತೋಷ. ಬೆಲೆ ಕೇಳಿದರೆ ಅವಳಿಗೇ ಗೊತ್ತಿರುತ್ತಿರಲಿಲ್ಲ.


ಮಲ್ಲಿಗೆತೋಟ:

ನಾಲ್ಕು ದಿನ ಏನೂ ಬರೆಯಲಿಲ್ಲ, ಕ್ಷಮಿಸಿ. ಎಲ್ಲಾ ಓದಿದೆ, ಎರಡೆರಡು ಸಲ. ಕೂಲಿಯಾಳಿನ ಮಾತು ಬಾಯಿಗೆ ಬರದೇ ಹೋದದ್ದನ್ನು ನಾನು ಇಷ್ಟು ವರ್ಷ ಕೇಳಿಯೂ ಗಮನಿಸಿರಲಿಲ್ಲ. ಬೈಬಲ್ ತೆಗೆದು ಎರಡು ಕಡೆಯೂ ಬೆರಳಿಟ್ಟು ನೋಡಿದೆ. ಹೌದು, ಇಲ್ಲ.

ರಾತ್ರಿಪಾಳಿ ತಂಗಿ, ನೀವು ಕೇಳಿದ ಪ್ರಶ್ನೆ ನನ್ನನ್ನು ಮಲಗಲು ಬಿಡಲಿಲ್ಲ. ಆ ತಾಯಿಯ ನಂಬರ್ ನನ್ನ ಹತ್ತಿರ ಇತ್ತು. ರಕ್ತ ಬೇಕಾದಾಗ ದಾನಿಗಳನ್ನು ಹುಡುಕಲು ಕೊಟ್ಟುಕೊಂಡಿದ್ದೆವು. ಎರಡು ವರ್ಷದಲ್ಲಿ ಒಂದು ಸಲವೂ ಮಾಡಿರಲಿಲ್ಲ. ಏನು ಅಂತ ಮಾತಾಡುವುದು, ನನ್ನ ಮಗ ಹಿಂದೆ ಗಲಾಟೆ ಮಾಡುವುದು ಅವರಿಗೆ ಕೇಳಿಸಿಬಿಟ್ಟರೆ ಅನ್ನುವ ಅಂಜಿಕೆ. ಮೊನ್ನೆ ಮಧ್ಯಾಹ್ನ ಮಾಡಿದೆ. ಎತ್ತಲಿಲ್ಲ. ಸರಿ, ಅವರಿಗೆ ಬೇಡ ಅಂತ ಅಂದುಕೊಂಡೆ. ಸಂಜೆ ಅವರೇ ಮಾಡಿದರು, ಹೊಲದಲ್ಲಿ ರಾಗಿ ಕಳೆ ತೆಗೆಯುತ್ತಿದ್ದೆ ಅಕ್ಕ, ಫೋನು ಮನೆಯಲ್ಲಿತ್ತು ಅಂದರು. ಮೊದಲ ಪ್ರಶ್ನೆಯೇ, ಮಗ ಹೇಗಿದ್ದಾನೆ? ಎಷ್ಟನೇ ಕ್ಲಾಸು?

ನಲವತ್ತು ನಿಮಿಷ ಮಾತಾಡಿದೆವು. ಬಹುಪಾಲು ಅವರ ಮಗಳ ಬಗ್ಗೆ. ಐಸಿಯುಗೆ ಹೋಗುವ ಮೊದಲ ದಿನ ವಾರ್ಡಿನಲ್ಲಿ ಅವಳು ನನ್ನ ಮಗನಿಗೆ ಬಿಸ್ಕೆಟ್ ಕೊಡಲು ಹೋಗಿ ಡ್ರಿಪ್ ವೈರ್ ಎಳೆದುಕೊಂಡು ಬಯ್ಯಿಸಿಕೊಂಡದ್ದು ನನಗೆ ನೆನಪಿತ್ತು, ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ, ಅವರು ಆಗ ಔಷಧಿ ತರಲು ಕೆಳಗೆ ಹೋಗಿದ್ದರು. ಇನ್ನೊಂದು ಸಲ ಹೇಳಿ ಅಂದರು. ಇನ್ನೊಂದು ಸಲ ಹೇಳಿದೆ. ಫೋನ್ ಇಟ್ಟ ಮೇಲೆ ಅತ್ತೆ. ಧ್ಯಾನಕೂಟದಲ್ಲಿ ಬಾರದ ಕಣ್ಣೀರು ಆಗ ಬಂತು. ಅದು ದುಃಖ ಮಾತ್ರ ಆಗಿರಲಿಲ್ಲ. ಆ ರಾತ್ರಿ ಹಾಸಿಗೆಯ ಮೇಲೆ ಮಲಗಿದೆ.

ಭಾನುವಾರ ಬೆಳಗಿನ ಪೂಜೆ ಮುಗಿಸಿಕೊಂಡು ಮಾಗಡಿ ಬಸ್ಸು ಹಿಡಿಯುತ್ತೇವೆ. ಮಗನನ್ನೂ ಕರೆದುಕೊಂಡು ಬನ್ನಿ ಅಂತ ಅವರೇ ಹೇಳಿದ್ದಾರೆ. ಅವರ ಎದುರಿಗೆ ಅವನನ್ನು ನಿಲ್ಲಿಸುವುದು ಹೇಗೆ ಅಂತ ಇನ್ನೂ ಭಯ ಇದೆ, ಸುಳ್ಳು ಹೇಳಲ್ಲ. ಏನು ತೆಗೆದುಕೊಂಡು ಹೋಗಲಿ ಅಂತ ತಿಳಿಯುತ್ತಿಲ್ಲ. ಹೂವು, ಹಣ್ಣು ಅಂದುಕೊಂಡಿದ್ದೇನೆ.


ರಾತ್ರಿಪಾಳಿ:

ಅಕ್ಕ, ಹೂವು ಹಣ್ಣು ಸಾಕು. ಆ ಬಿಸ್ಕೆಟ್ ಯಾವುದು ಅಂತ ನೆನಪಿದ್ದರೆ ಒಂದು ಪೊಟ್ಟಣ ಅದನ್ನೂ ತಗೊಂಡು ಹೋಗಿ. ಊಟ ಮಾಡಿ ಹೋಗಿ ಅಂದರೆ ಬೇಡ ಅನ್ನಬೇಡಿ, ಕೂತು ಊಟ ಮಾಡಿ ಬನ್ನಿ.